ಎದ್ದು ನಿಲ್ಲುವ ಖರ್ಚು

ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ದಂಡಪಾರುಷ್ಯ ಎಂಬ ಪ್ರಕರಣವಿದೆ. ಒಬ್ಬ ಇನ್ನೊಬ್ಬನ ಮೈಮೇಲೆ ಕೈಮಾಡಿದರೆ, ಕೋಲಿನಿಂದ ಬಡಿದರೆ, ಮೂಳೆ ಮುರಿದರೆ ಎಷ್ಟು ದಂಡ ಎಂಬ ಲೆಕ್ಕಾಚಾರ ಅಲ್ಲಿರುವುದು. ಈ ದಂಡವೆಲ್ಲ ಅರಸನ ಬೊಕ್ಕಸಕ್ಕೆ ಹೋಗುವಂಥದ್ದು. ಆದರೆ ಪ್ರಕರಣದ ಒಂದು ಕಡೆ ಬೇರೆಯದೇ ಆದ ಇನ್ನೊಂದು ಬಾಬತ್ತು ಬರುತ್ತದೆ. ನೋವುಂಟುಮಾಡಿದವನು ದಂಡವನ್ನು ತೆರುವುದರ ಜೊತೆಗೆ ‘ಸಮುತ್ಥಾನ’ದ ವ್ಯಯವನ್ನೂ ಕೊಡಬೇಕು ಎನ್ನುತ್ತದೆ ಸ್ಮೃತಿ. ಮನುಸ್ಮೃತಿಯಲ್ಲೂ ಇದೇ ಪದವಿದೆ. ಸಮುತ್ಥಾನ ಎಂದರೆ ಮೇಲೇಳುವುದು. ಬಿದ್ದವನು ಎದ್ದು ನಿಲ್ಲುವ ತನಕ ಆಗುವ ಖರ್ಚು ಬೀಳಿಸಿದವನ ತಲೆಯ ಮೇಲೆ ಎಂಬುದು ಅದರ ಅರ್ಥ.

ಈ ಪದಕ್ಕೆ ವಿವರಣೆ ಬರೆದವರಲ್ಲಿ ಒಬ್ಬ ನಮ್ಮ ಕಲ್ಯಾಣದವನು. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಸಮುತ್ಥಾನವೆಂದರೆ ಗಾಯ ಮಾಯುವುದು ಎಂದು ಅವನು ಬಿಡಿಸಿ ಹೇಳುತ್ತಾನೆ. ಅದರ ವ್ಯಯದಲ್ಲಿ ಎರಡನ್ನು ಸೇರಿಸುತ್ತಾನೆ: ಒಂದು ಔಷಧ, ಇನ್ನೊಂದು ಪಥ್ಯ. ಬಾಣಂತನವನ್ನೋ ಕಾಯಿಲೆಯನ್ನೋ ಕಂಡ ಯಾವ ಕನ್ನಡದ ಮನೆಗೂ ‘ಪಥ್ಯ’ವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮದ್ದು ವೈದ್ಯ ಕೊಡುತ್ತಾನೆ, ಪಥ್ಯ ಮಾಡುವುದು ಮನೆಯವರು. ಆ ಖರ್ಚೂ ಲೆಕ್ಕಕ್ಕೆ ಬರಬೇಕೆಂದು ಒಂಬೈನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ ಕೂತು ಒಬ್ಬ ಬರೆದಿದ್ದಾನೆ.

ಮೋಟಾರು ಅಪಘಾತದ ಪರಿಹಾರ ಪ್ರಕರಣಗಳ ಚರಿತ್ರೆ ನನ್ನ ಸಂಶೋಧನೆಯ ವಿಷಯ. ಅದರಲ್ಲೂ ತಲೆಗೆ ಪೆಟ್ಟಾಗಿ ಬದುಕುಳಿದವರ ಪ್ರಕರಣಗಳನ್ನು ಹೆಚ್ಚಾಗಿ ಓದುತ್ತೇನೆ. ಹಾಗಿದ್ದವನು ಮಿತಾಕ್ಷರಾಕ್ಕೆ ಯಾಕೆ ಹೋದೆ ಎಂದರೆ, ಕೋರ್ಟುಗಳು ಇಂದಿಗೂ ತಡಕಾಡುತ್ತಿರುವ ಪ್ರಶ್ನೆ ಅಲ್ಲಿ ಆಗಲೇ ಎದ್ದಿತ್ತು. ಬಿದ್ದದ್ದಕ್ಕೆ ಬೆಲೆ ಕಟ್ಟುವುದು ಒಂದು, ಏಳುವುದಕ್ಕೆ ಬೆಲೆ ಕಟ್ಟುವುದು ಇನ್ನೊಂದು. ಕಾನೂನಿಗೆ ಮೊದಲನೆಯದು ಬೇಗ ಕೈವಶವಾಯಿತು. ಎರಡನೆಯದನ್ನು ಅದು ಇನ್ನೂ ಕಲಿಯುತ್ತಿದೆ.

ಇದನ್ನು ಹೇಳುವಾಗ ಹಳೆಯದನ್ನು ಹೊಗಳುವ ಇರಾದೆ ನನಗಿಲ್ಲ. ಸ್ಮೃತಿಗಳ ದಂಡ ಜಾತಿಯನ್ನು ನೋಡಿ ಹೆಚ್ಚು ಕಡಿಮೆಯಾಗುತ್ತದೆ. ಮೇಲಿನವನು ಕೆಳಗಿನವನಿಗೆ ಹೊಡೆದರೆ ಒಂದು ದರ, ಕೆಳಗಿನವನು ಮೇಲಿನವನಿಗೆ ಹೊಡೆದರೆ ಅವನ ಅಂಗವನ್ನೇ ಕತ್ತರಿಸುವ ಮಾತು. ಎಲ್ಲರ ಮೈಯೂ ಒಂದೇ ಎಂದು ಆ ಪುಟಗಳು ಒಪ್ಪುವುದಿಲ್ಲ. ಆದರೂ ಅದೇ ಪ್ರಕರಣದಲ್ಲಿ ಗಾಯಗಳ ಪಟ್ಟಿ ನೋಡಿ: ಕೈಕಾಲು ಹಲ್ಲು ಮುರಿಯುವುದು, ಕಿವಿ ಮೂಗು ಕತ್ತರಿಸುವುದು, ಸತ್ತಂತಾಗುವ ಹಾಗೆ ಹೊಡೆಯುವುದು, ಆಮೇಲೆ ನಡೆದಾಡಲು, ಊಟ ಮಾಡಲು, ಮಾತಾಡಲು ಆಗದಂತೆ ಮಾಡುವುದು. ಕೊನೆಯ ಮೂರು ಯಾವ ಅಂಗದ ಹೆಸರೂ ಅಲ್ಲ, ಅವು ಮನುಷ್ಯ ದಿನವೂ ಮಾಡುವ ಕೆಲಸಗಳು. ಯಾವ ಅಂಗ ಹೋಯಿತು ಎಂದು ಕೇಳುವುದರ ಜೊತೆಗೆ ಏನು ಮಾಡಲಾಗುತ್ತಿಲ್ಲ ಎಂದೂ ಕೇಳುವ ಈ ಬಗೆ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಶಾಸನಗಳ ಲೋಕಕ್ಕೆ ಬಂದರೆ ನಮ್ಮ ವೀರಗಲ್ಲುಗಳು ಹೇಳುವುದು ಸತ್ತವರ ಕತೆ. ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ, ಊರನ್ನು ಕಾಯಲು ನಿಂತು ಮಡಿದವರ ಮನೆಯವರಿಗೆ ಕೊಟ್ಟ ಭೂಮಿಗೆ ‘ನೆತ್ತರುಗೊಡಗೆ’ ಎಂಬ ಹೆಸರಿತ್ತು. ರಕ್ತಕ್ಕೆ ಪ್ರತಿಯಾಗಿ ಕೊಟ್ಟ ಕೊಡುಗೆ. ಸಾವು ಕಲ್ಲಿನಲ್ಲಿ ಕೆತ್ತುವಷ್ಟು ಸ್ಪಷ್ಟವಾದ ಸಂಗತಿ. ಅದಕ್ಕೊಂದು ದಿನವಿದೆ, ಸಾಕ್ಷಿಯಿದೆ. ಅದೇ ಕಾಳಗದಲ್ಲಿ ತಲೆಗೆ ಪೆಟ್ಟು ತಿಂದು ಮನೆಗೆ ಬಂದು, ಮುಂದಿನ ಇಪ್ಪತ್ತು ವರ್ಷ ಜಗುಲಿಯ ಮೇಲೆ ಕೂತವನ ಕತೆ ಯಾವ ಕಲ್ಲಿಗೆ ಸಲ್ಲಬೇಕು?

ಇಂಗ್ಲಿಷರು ಬಂದಾಗ ಮಿತಾಕ್ಷರಾದ ಗತಿಯೇ ಬದಲಾಯಿತು. 1772ರ ವಾರನ್ ಹೇಸ್ಟಿಂಗ್ಸನ ಯೋಜನೆಯಂತೆ ಉತ್ತರಾಧಿಕಾರ, ಮದುವೆ, ಜಾತಿ ಮತ್ತು ಧಾರ್ಮಿಕ ಆಚರಣೆಗಳಲ್ಲಿ ಹಿಂದೂಗಳಿಗೆ ಶಾಸ್ತ್ರ, ಮುಸ್ಲಿಮರಿಗೆ ಕುರಾನು ಎಂದಾಯಿತು. ಪೆಟ್ಟು, ಗಾಯ, ಚೇತರಿಕೆ ಆ ಪಟ್ಟಿಯಲ್ಲಿರಲಿಲ್ಲ. 1810ರಲ್ಲಿ ಕೋಲ್‌ಬ್ರೂಕ್ ಮಿತಾಕ್ಷರಾದಿಂದ ಇಂಗ್ಲಿಷಿಗೆ ತಂದದ್ದು ಆಸ್ತಿ ಹಂಚಿಕೆಯ ಭಾಗವನ್ನು. ಅಲ್ಲಿಂದ ಮುಂದೆ ಮಿತಾಕ್ಷರಾ ಎಂದರೆ ಅಪ್ಪನ ಆಸ್ತಿಯಲ್ಲಿ ಮಗನ ಪಾಲು ಎಂದೇ ವಕೀಲರ ಬಾಯಲ್ಲಿ ನಿಂತುಹೋಯಿತು. ಕಾನೂನು ಕಾಲೇಜಿನ ಹುಡುಗರನ್ನು ಇವತ್ತು ಕೇಳಿದರೂ ಅದೇ ಉತ್ತರ ಬರುತ್ತದೆ. ಔಷಧ ಪಥ್ಯಗಳ ಮಾತು ಮೂಲೆ ಸೇರಿತು.

ಅದರ ಜಾಗಕ್ಕೆ ಬಂದ ಇಂಗ್ಲಿಷ್ ಕಾನೂನಿನಲ್ಲಿ ಒಂದು ವಿಚಿತ್ರವಿತ್ತು. ಗಾಯಗೊಂಡವನು ತಾನೇ ದಾವೆ ಹೂಡಬಹುದಿತ್ತು. ಅವನು ಸತ್ತರೆ ಹಕ್ಕೂ ಅವನೊಡನೆಯೇ ಸಾಯುತ್ತಿತ್ತು. ಅಂದರೆ ಗಾಯ ಮಾಡಿದವನಿಗಿಂತ ಕೊಂದವನಿಗೆ ಖರ್ಚು ಕಡಿಮೆ. ರೈಲುಗಳು ಬಂದು ಸಾವುಗಳು ಹೆಚ್ಚಿದ ಮೇಲೆ, 1846ರಲ್ಲಿ ಇಂಗ್ಲೆಂಡಿನಲ್ಲಿ ಇದನ್ನು ತಿದ್ದುವ ಕಾಯ್ದೆಯಾಯಿತು. ನಮ್ಮಲ್ಲಿ ಬೊಂಬಾಯಿಯಿಂದ ಠಾಣೆಗೆ ರೈಲು ಓಡಿದ್ದು 1853ರಲ್ಲಿ. ಎರಡೇ ವರ್ಷದಲ್ಲಿ, 1855ರಲ್ಲಿ, ಮಾರಕ ಅಪಘಾತಗಳ ಕಾಯ್ದೆ ಬಂತು. ಸತ್ತವರ ಗಂಡ, ಹೆಂಡತಿ, ತಂದೆತಾಯಿ, ಮಕ್ಕಳಿಗೆ ಪರಿಹಾರ ಕೇಳುವ ಹಕ್ಕು ಸಿಕ್ಕಿತು.

ಬದುಕುಳಿದವರ ಕಷ್ಟ ಬೇರೆ ತೆರನಾದದ್ದು. 1866ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಎರಿಕ್ ಎರಿಕ್ಸನ್ ತನ್ನ ಉಪನ್ಯಾಸಗಳನ್ನು ಪುಸ್ತಕವಾಗಿ ತಂದ. ರೈಲು ಡಿಕ್ಕಿಯಲ್ಲಿ ಮೈಮೇಲೆ ಗೀರೂ ಇಲ್ಲದೆ ಎದ್ದು ನಡೆದುಹೋದವರು, ದಿನಗಳು ಕಳೆದ ಮೇಲೆ ನಿದ್ರೆ ಬಾರದೆ, ನೆನಪು ನಿಲ್ಲದೆ, ಮಾಡುವ ಕೆಲಸದಲ್ಲಿ ಮನಸ್ಸಿಡಲಾಗದೆ ಒದ್ದಾಡುವುದನ್ನು ಅವನು ಬರೆದ. ಕಾರಣ ಬೆನ್ನುಹುರಿಗೆ ಬಿದ್ದ ಏಟು ಎಂದು ಅವನ ಊಹೆ. ಜನ ಇದನ್ನು ‘ರೈಲ್ವೆ ಸ್ಪೈನ್’ ಎಂದರು. 1883ರಲ್ಲಿ ಹರ್ಬರ್ಟ್ ಪೇಜ್ ಎಂಬ ಇನ್ನೊಬ್ಬ ಶಸ್ತ್ರವೈದ್ಯ ಇದನ್ನು ಅಲ್ಲಗಳೆದ. ಬೆನ್ನುಹುರಿಗೆ ಏನೂ ಆಗಿರುವುದಿಲ್ಲ, ಹೆಚ್ಚಿನವರಿಗೆ ಆಗಿರುವುದು ಗಾಬರಿ, ಪರಿಹಾರದ ಆಸೆ ಅದನ್ನು ಬೆಳೆಸುತ್ತದೆ ಎಂಬುದು ಅವನ ವಾದ. ಪೇಜ್ ಒಂದು ದೊಡ್ಡ ರೈಲ್ವೆ ಕಂಪನಿಯ ಸಂಬಳದ ವೈದ್ಯನಾಗಿದ್ದ ಎಂಬುದನ್ನೂ ಹೇಳಬೇಕು. ವಿಜ್ಞಾನದ ಲೆಕ್ಕದಲ್ಲಿ ಇಬ್ಬರೂ ಅರೆಬರೆ ಸರಿ. ಆದರೆ ಕೋರ್ಟಿನ ಪಾಲಿಗೆ ಉಳಿದದ್ದು ಒಂದು ಗುಮಾನಿ: ಕಣ್ಣಿಗೆ ಕಾಣದ ಗಾಯದವನು ನಾಟಕ ಮಾಡುತ್ತಿರಬಹುದು. 1961ರಷ್ಟು ಈಚೆಗೂ ಹೆನ್ರಿ ಮಿಲ್ಲರ್ ಎಂಬ ಬ್ರಿಟಿಷ್ ನರತಜ್ಞ ಇಂಥವರು ದುಡ್ಡು ಕೈಗೆ ಬಂದೊಡನೆ ಗುಣವಾಗುತ್ತಾರೆ ಎಂದಿದ್ದ. ನಂತರದ ಅಧ್ಯಯನಗಳು ಅದನ್ನು ಒಪ್ಪಲಿಲ್ಲ. ದುಡ್ಡು ಬಂದ ಮೇಲೂ ಬಹಳ ಮಂದಿ ಹಾಗೆಯೇ ಉಳಿದಿದ್ದರು.

ಗುಮಾನಿಯಿಂದ ಪಾರಾಗಲು ಕಾನೂನು ಕಂಡುಕೊಂಡ ದಾರಿ ಪಟ್ಟಿ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಮೊದಲ ಅನುಸೂಚಿ ದೇಹವನ್ನು ಭಾಗಭಾಗವಾಗಿ ವಿಂಗಡಿಸಿ ಒಂದೊಂದಕ್ಕೂ ಶೇಕಡಾವಾರು ಬೆಲೆ ಕಟ್ಟಿತು. ಅದರ ನಂತರದ ರೂಪದಲ್ಲಿ ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿ ಶೇ. 30 ಕಡಿಮೆ, ತೋರುಬೆರಳು ಪೂರ್ತಿ ಹೋದರೆ ಶೇ. 14, ನಡುಬೆರಳಿಗೆ ಶೇ. 12. ಎರಡೂ ಕೈ ಹೋದರೆ, ಕಿವಿ ಪೂರ್ತಿ ಕೇಳದಾದರೆ ಶೇ. 100. ಗಿರಣಿಯಲ್ಲಿ ಬೆರಳು ಕಳೆದುಕೊಂಡವನು ಮಾಲೀಕನ ತಪ್ಪನ್ನು ಸಾಬೀತು ಮಾಡುವ ಗೋಜಿಲ್ಲದೆ ಹಣ ಪಡೆಯುವಂತಾಯಿತು ಎನ್ನುವುದು ಸಣ್ಣ ಸಂಗತಿಯಲ್ಲ. ಆದರೆ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರೂ ಮಿದುಳು ಎಂಬ ಪದ ಸಿಗುವುದಿಲ್ಲ. ಪಟ್ಟಿಯಲ್ಲಿಲ್ಲದ ಗಾಯಗಳನ್ನು ವೈದ್ಯರು ಅಂದಾಜಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಪಾರ್ಕಿನ್ಸನ್ ಇದೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ತಲೆಪೆಟ್ಟಿನಿಂದ ಮಿದುಳಿಗಾದ ಗಾಯಕ್ಕೆ ಅಲ್ಲೂ ಸ್ವಂತ ಹೆಸರಿಲ್ಲ. ಅದರಿಂದ ನಡೆಯಲಾಗದಿದ್ದರೆ ಒಂದು ಕಲಂ, ಮಾತು ಬಾರದಿದ್ದರೆ ಇನ್ನೊಂದು ಕಲಂ ಹುಡುಕಿಕೊಂಡು ಹೋಗಬೇಕು.

ನನ್ನ ಸೋದರಮಾವನ ಸಂಗತಿಯನ್ನು ಇಲ್ಲಿ ಹೇಳಬೇಕು. ಅವರದ್ದು ಊರಿನಲ್ಲಿ ಕಿರಾಣಿ ಅಂಗಡಿ. ಊರವರ ಉದ್ರಿ ಲೆಕ್ಕವೆಲ್ಲ ಬಾಯಲ್ಲೇ ಇರುತ್ತಿತ್ತು. ಪುಸ್ತಕ ಇದ್ದದ್ದು ಹೆಸರಿಗೆ. ಬೈಕಿಗೆ ವ್ಯಾನು ತಾಗಿ ತಲೆಗೆ ಪೆಟ್ಟಾಯಿತು. ಹನ್ನೊಂದು ದಿನ ಎಚ್ಚರವಿರಲಿಲ್ಲ, ಆಮೇಲೆ ಎದ್ದರು. ಎಲ್ಲರೂ ದೇವರು ದೊಡ್ಡವನು ಅಂದರು. ಅಂಗಡಿಯಲ್ಲಿ ಕೂತ ಮೇಲೆ ಗೊತ್ತಾಯಿತು, ಯಾರಿಗೆ ಏನು ಕೊಟ್ಟೆ ಎಂಬುದು ಅವರಿಗೆ ಸಂಜೆಯವರೆಗೂ ನಿಲ್ಲುತ್ತಿರಲಿಲ್ಲ. ಸಣ್ಣದಕ್ಕೂ ಸಿಟ್ಟು, ಸಿಟ್ಟಾದದ್ದೂ ಮರೆವು. ಕ್ಲೇಮು ಹಾಕಿದರು. ಅತ್ತೆ ಸಾಕ್ಷಿ ಹೇಳಲು ಹೋದಾಗ ಜೊತೆಗೆ ನಾನೂ ಇದ್ದೆ. ವಿಮಾ ಕಂಪನಿಯ ವಕೀಲರು ಕೇಳಿದ್ದು ಮೂರೇ ಪ್ರಶ್ನೆ.

“ನಿಮ್ಮ ಯಜಮಾನ್ರು ಓಡಾಡ್ತಾರೇನಮ್ಮ?”

“ಓಡಾಡ್ತಾರೆ ಸ್ವಾಮಿ.”

“ಊಟ ಅವರೇ ಮಾಡ್ತಾರಾ?”

“ಮಾಡ್ತಾರೆ. ಆದ್ರೆ...”

“ಮಾತಾಡ್ತಾರೆ ತಾನೆ?”

“ಹ್ಞೂಂ.”

ಪಾಟೀಸವಾಲು ದಾಖಲಾಗುವ ಒಂದು ಧಾಟಿಯಿದೆ: ನಮ್ಮ ಯಜಮಾನರು ಓಡಾಡುತ್ತಾರೆ ಎಂದರೆ ಸರಿ, ಊಟ ಮಾಡುತ್ತಾರೆ ಎಂದರೆ ಸರಿ, ಮಾತನಾಡುತ್ತಾರೆ ಎಂದರೆ ಸರಿ. ಅತ್ತೆಯ ‘ಆದ್ರೆ’ ಆ ಧಾಟಿಯಲ್ಲಿ ಎಲ್ಲೂ ಹಿಡಿಸಲಿಲ್ಲ. ವರ್ಷಗಳ ಮೇಲೆ ಯಾಜ್ಞವಲ್ಕ್ಯನ ಗಾಯಗಳ ಪಟ್ಟಿ ಓದುವಾಗ ನನಗೆ ಮೈ ಜುಮ್ಮೆಂದಿತು. ನಡೆದಾಟ, ಊಟ, ಮಾತು. ವಕೀಲರು ಕೇಳಿದ್ದು ಅವೇ ಮೂರು. ಮೂರೂ ಉಳಿದಿದ್ದರೂ ಮನುಷ್ಯನೊಬ್ಬ ತನ್ನ ಅಂಗಡಿಯಲ್ಲಿ ಕೂರಲಾರದೆ ಹೋಗಬಹುದು ಎಂಬುದನ್ನು ಹೇಳಲು ಆ ಪಟ್ಟಿಯೂ ಸಾಲದು, ಈ ಪಟ್ಟಿಯೂ ಸಾಲದು.

ಆಸ್ಪತ್ರೆಯ ಕಾಗದವೂ ಇಲ್ಲಿ ಕೈಕೊಡುತ್ತದೆ. ಡಿಸ್ಚಾರ್ಜ್ ಸಮರಿಯಲ್ಲಿ ಜಿಸಿಎಸ್ ಎಂಬ ಅಂಕಿ ಇರುತ್ತದೆ. 1974ರಲ್ಲಿ ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ ಮಾಡಿದ ಈ ಅಳತೆ 3ರಿಂದ 15ರವರೆಗೆ ಹೋಗುತ್ತದೆ. ಕಣ್ಣು ತಾನಾಗಿ ತೆರೆದು, ದಿನ ಜಾಗ ಸರಿಯಾಗಿ ಹೇಳಿ, ಹೇಳಿದಂತೆ ಕೈಯೆತ್ತಿದರೆ 15. ಆ ಗಳಿಗೆಯ ಎಚ್ಚರವನ್ನು ಅಳೆಯಲು ಅದರಷ್ಟು ಒಳ್ಳೆಯ ಸಾಧನ ಇಲ್ಲ. ಆರು ತಿಂಗಳ ಮೇಲೆ ಉದ್ರಿ ಲೆಕ್ಕ ನೆನಪಿರುತ್ತದೆಯೇ ಎಂದು ಹೇಳುವುದು ಅದರ ಕೆಲಸವಲ್ಲ. ಕೋರ್ಟಿನಲ್ಲಿ ಮಾತ್ರ 15 ಎಂದರೆ ಪೂರ್ತಿ ಗುಣ ಎಂದು ವಾದಿಸಲು ಅವಕಾಶವಾಗುತ್ತದೆ. ನೆನಪು, ಗಮನ, ಯೋಜನೆ ಹಾಕುವ ಶಕ್ತಿ ಇವನ್ನು ಅಳೆಯುವ ಪರೀಕ್ಷೆಗಳು ಬೇರೆ. ಅವು ಬಹುಪಾಲು ಪಶ್ಚಿಮದ ಓದು ಬಲ್ಲ ಜನರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. 2004ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶೋಭಿನಿ ರಾವ್ ಮತ್ತು ಸಂಗಡಿಗರು ನಮ್ಮ ಜನರ ವಯಸ್ಸು, ಲಿಂಗ, ಓದಿನ ಮಟ್ಟಕ್ಕೆ ತಕ್ಕ ಮಾನದಂಡಗಳನ್ನು ಕಟ್ಟಿ ಒಂದು ಪರೀಕ್ಷಾಮಾಲೆಯನ್ನು ಪ್ರಕಟಿಸಿದರು. ಅತ್ತೆಯ ‘ಆದ್ರೆ’ಗೆ ಅಂಕಿಯ ರೂಪ ಕೊಡಲು ಇಂಥದ್ದೊಂದು ಬೇಕಿತ್ತು.

ಕಾನೂನಿನ ಕಡೆಯಿಂದ ದೊಡ್ಡ ತಿರುವು ಬಂದದ್ದು 2010ರ ಅಕ್ಟೋಬರಿನಲ್ಲಿ. ಮೋಟಾರು ಅಪಘಾತಗಳಿಗೆ ಪ್ರತ್ಯೇಕ ನ್ಯಾಯಮಂಡಳಿಗಳ ಏರ್ಪಾಟು 1956ರ ತಿದ್ದುಪಡಿಯಿಂದಲೇ ಇತ್ತು. ಆದರೆ ವೈದ್ಯರು ಬರೆದ ಶೇಕಡಾವನ್ನೇ ಗಳಿಕೆಯ ನಷ್ಟದ ಶೇಕಡಾ ಎಂದು ಎತ್ತಿಟ್ಟುಕೊಳ್ಳುವ ಅಭ್ಯಾಸ ಬೆಳೆದಿತ್ತು. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್ ಸುಪ್ರೀಂ ಕೋರ್ಟಿನಲ್ಲಿ ಬರೆದ ತೀರ್ಪು ಇದನ್ನು ಬಿಡಿಸಿ ಹೇಳಿತು. ಎಡಗೈ ಹೋದವನ ವೈಕಲ್ಯ ಸುಮಾರು ಶೇ. 60 ಇರಬಹುದು. ಅವನು ಬಡಗಿಯೋ ಚಾಲಕನೋ ಆಗಿದ್ದರೆ ಗಳಿಕೆ ಹೆಚ್ಚುಕಡಿಮೆ ಪೂರ್ತಿ ಹೋದಂತೆ. ಸರ್ಕಾರಿ ಗುಮಾಸ್ತನಾಗಿದ್ದರೆ ಕೆಲಸ ಹೋಗದೆಯೂ ಇರಬಹುದು. ಆದ್ದರಿಂದ ಈ ಮನುಷ್ಯ ಮೊದಲು ಏನು ಮಾಡುತ್ತಿದ್ದ, ಈಗ ಏನು ಮಾಡಬಲ್ಲ ಎಂದು ನ್ಯಾಯಮಂಡಳಿ ತಾನೇ ವಿಚಾರಿಸಬೇಕು. ಅದೇ ತೀರ್ಪು ಗಾಯಾಳುವಿಗೆ ಸಲ್ಲುವ ಬಾಬತ್ತುಗಳನ್ನು ಎಣಿಸುತ್ತದೆ: ಚಿಕಿತ್ಸೆ, ಆಸ್ಪತ್ರೆ, ಔಷಧ, ಓಡಾಟದ ಖರ್ಚು, ಪೌಷ್ಟಿಕ ಆಹಾರ, ಮುಂದಿನ ವೈದ್ಯಕೀಯ ವೆಚ್ಚ, ನೋವು, ಬದುಕಿನ ಸುಖಗಳ ನಷ್ಟ. ಔಷಧ, ಪೌಷ್ಟಿಕ ಆಹಾರ. ವಿಜ್ಞಾನೇಶ್ವರನ ಎರಡು ಪದಗಳು ಬೇರೆ ದಾರಿಯಿಂದ, ಅವನ ಪರಿಚಯವೇ ಇಲ್ಲದೆ, ಮತ್ತೆ ಬಂದಿವೆ.

ಹಾಗಾದರೆ ಪಥ್ಯ ಮಾಡಿ ಹಾಕುವವರು? 1994ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ ಎರಡನೆಯ ಅನುಸೂಚಿ, ಸಂಪಾದನೆಯಿಲ್ಲದ ಹೆಂಡತಿಗೆ ಪೆಟ್ಟಾದರೆ ಅವಳ ಆದಾಯವನ್ನು ಗಂಡನ ಗಳಿಕೆಯ ಮೂರನೆಯ ಒಂದು ಭಾಗವೆಂದು ಎಣಿಸಿಕೊಳ್ಳಿ ಎಂದಿತ್ತು. ಗಂಡನಿಗೆ ಪೆಟ್ಟಾಗಿ ಅವಳು ಹಗಲೂರಾತ್ರಿ ನೋಡಿಕೊಂಡರೆ ಆ ದುಡಿಮೆಗೆ ಎಷ್ಟು ಎಂದು ಅದು ಹೇಳಲಿಲ್ಲ. ನಾನು ಓದಿದ ಹಳೆಯ ಆದೇಶಗಳಲ್ಲಿ ಈ ಸಾಲಿಗೆ ಒಂದು ಸಣ್ಣ ಗುತ್ತಿಗೆ ಮೊತ್ತ ಸಿಗುತ್ತದೆ, ಕೆಲವಲ್ಲಿ ಅದೂ ಇಲ್ಲ. ಮನೆಯವರು ನೋಡಿಕೊಳ್ಳುತ್ತಾರೆ ಎಂಬುದು ಎಲ್ಲರೂ ಒಪ್ಪಿದ ಮಾತಾಗಿತ್ತು.

2020ರ ಫೆಬ್ರವರಿಯ ಒಂದು ತೀರ್ಪು ಈ ಒಪ್ಪಿದ ಮಾತನ್ನು ಅಲುಗಾಡಿಸಿತು. 2007ರಲ್ಲಿ, ಹನ್ನೆರಡರ ವಯಸ್ಸಿನಲ್ಲಿ, ಅಪಘಾತವಾಗಿ ಮಿದುಳಿಗೆ ಪೆಟ್ಟು ಬಿದ್ದ ಉತ್ತರ ಭಾರತದ ಒಬ್ಬ ಹುಡುಗಿಯ ಪ್ರಕರಣ ಅದು. ವೈದ್ಯರ ಪ್ರಕಾರ ಅವಳ ಮನಸ್ಸು ಒಂಬತ್ತು ತಿಂಗಳ ಕೂಸಿನದ್ದು. ನ್ಯಾಯಮಂಡಳಿ ಸುಮಾರು 11 ಲಕ್ಷ, ಹೈಕೋರ್ಟು ಸುಮಾರು 25.78 ಲಕ್ಷ ಕೊಟ್ಟಿದ್ದವು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ದೀಪಕ್ ಗುಪ್ತಾ ಅವರಿದ್ದ ಪೀಠ 62.27 ಲಕ್ಷಕ್ಕೆ ಏರಿಸಿತು. ಮೊತ್ತಕ್ಕಿಂತ ಅದನ್ನು ಎಣಿಸಿದ ರೀತಿ ಮುಖ್ಯ. ಅವಳಿಗೆ ಜೀವನವಿಡೀ ಇಬ್ಬರು ಸಹಾಯಕರು ಬೇಕು, ಆ ಖರ್ಚನ್ನು ಕಳೆದುಹೋದ ಸಂಪಾದನೆಯಂತೆಯೇ ವರ್ಷಗಳಿಂದ ಗುಣಿಸಬೇಕು ಎಂದಿತು ಪೀಠ. ಅದೊಂದೇ ಬಾಬತ್ತು 21.60 ಲಕ್ಷವಾಯಿತು. ಹುಡುಗಿಯನ್ನು ಹಿಡಿದೆತ್ತುವ ಕೈಗಳು ಮೊದಲ ಬಾರಿ ಗಂಭೀರವಾಗಿ ಲೆಕ್ಕಕ್ಕೆ ಬಂದವು. ಅಷ್ಟರಲ್ಲಿ ಹನ್ನೆರಡು ವರ್ಷ ಆಗಿಹೋಗಿತ್ತು. ಆ ಹನ್ನೆರಡು ವರ್ಷ ಎತ್ತಿದ ಕೈಗಳು ಮನೆಯವರದ್ದೇ.

ಕಾಲದ ವಿಷಯದಲ್ಲೇ ಇನ್ನೊಂದು ಹಿಂದೆ ಮುಂದೆ ನಡೆದಿದೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ಗಡುವು ಇತ್ತು. 1994ರಲ್ಲಿ ಸಂಸತ್ತು ಅದನ್ನು ತೆಗೆದುಹಾಕಿತು. 2019ರ ತಿದ್ದುಪಡಿ ಅದನ್ನೇ ಮರಳಿ ತಂದಿತು, 2022ರ ಏಪ್ರಿಲ್‌ನಿಂದ ಜಾರಿಯಾಯಿತು. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ಕಾಲು ಮುರಿದವನಿಗೆ ಆರು ತಿಂಗಳು ಸಾಕಾದೀತು. ತಲೆಗೆ ಪೆಟ್ಟಾದವರ ಮನೆಯಲ್ಲಿ ಆ ಆರು ತಿಂಗಳು ಐಸಿಯುವಿನ ಹೊರಗಿನ ಬೆಂಚಿನ ಮೇಲೆ ಕಳೆದಿರುತ್ತದೆ. ಏನು ಹೋಗಿದೆ, ಏನು ಉಳಿದಿದೆ ಎಂಬುದು ಅವರಿಗೇ ಇನ್ನೂ ತಿಳಿದಿರುವುದಿಲ್ಲ. ಗಾಯಾಳು ತಾನೇ ವಕಾಲತ್ತಿಗೆ ಸಹಿ ಹಾಕುವ ಸ್ಥಿತಿಯಲ್ಲಿಲ್ಲದಿದ್ದರೆ ಅವನ ಪರವಾಗಿ ಹತ್ತಿರದವರೊಬ್ಬರು ದಾವೆ ನಡೆಸಬಹುದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುತ್ತದೆ. ಇಂಗ್ಲಿಷ್ ಮೂಲದಲ್ಲಿ ಆ ಹತ್ತಿರದವರಿಗೆ ಇರುವ ಹೆಸರು ‘ಸ್ನೇಹಿತ’ ಎಂದೇ. ಆ ಸ್ನೇಹಿತೆ ಬಹುಮಟ್ಟಿಗೆ ಹೆಂಡತಿ, ಇಲ್ಲವೇ ತಾಯಿ. ಮದ್ದು ಕೊಡುವವಳೂ ಅವಳೇ, ಕೋರ್ಟಿಗೆ ಅಲೆಯುವವಳೂ ಅವಳೇ, ಪಾಟೀಸವಾಲಿಗೆ ನಿಲ್ಲುವವಳೂ ಅವಳೇ.

ಪರಿಹಾರ ಎಂಬ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥ ಬೆರೆತಿವೆ. ಕೋರ್ಟು ಕೊಡುವ ದುಡ್ಡೂ ಪರಿಹಾರವೇ, ತೊಂದರೆ ನೀಗುವುದೂ ಪರಿಹಾರವೇ. ಮಿದುಳಿನ ಗಾಯದಲ್ಲಿ ಮೊದಲನೆಯದು ಸಿಕ್ಕರೂ ಎರಡನೆಯದು ಸಿಗದೆ ಇರಬಹುದು. ಹಾಗಿರುವಾಗ ಕೋರ್ಟು ಮಾಡಬಹುದಾದ ನ್ಯಾಯ, ಏಳುವುದು ಎಷ್ಟು ದೀರ್ಘ ಕೆಲಸ ಎಂಬುದನ್ನು ಒಪ್ಪಿ, ಅದನ್ನು ದಿನವೂ ಮಾಡುತ್ತಿರುವವರ ಮಾತನ್ನು ಪೂರ್ತಿ ಕೇಳಿಸಿಕೊಂಡು, ಅವರ ದುಡಿಮೆಗೆ ಲೆಕ್ಕ ಹಾಕುವುದು. ಔಷಧ, ಪಥ್ಯ ಎಂದು ವಿಜ್ಞಾನೇಶ್ವರ ಬರೆದಿಟ್ಟ. ಅದರ ಮುಂದೆ ಮೂರನೆಯದಾಗಿ ‘ಆರೈಕೆ’ ಎಂದು ಸೇರಿಸಬೇಕಾದ ಕೆಲಸ ನಮ್ಮ ಕಾಲದ್ದು.